1947ರ ಚಾಂಪಿಯನ್ ಮಿಶಿಗನ್ನೋ, ನಾಟರ್ ಡೇಮೋ?

ನೀವು ಕೇಳಿದ್ದೀರಿ: 1947ರ ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಮಿಶಿಗನ್, ನಾಟರ್ ಡೇಮ್ ಎರಡೂ ವಿಶ್ವವಿದ್ಯಾಲಯಗಳ ತಂಡಗಳನ್ನು ಚಾಂಪಿಯನ್ ಅನ್ನುತ್ತಾರಲ್ಲ, ಹೇಗೆ?

ಆಗ ಚಾಂಪಿಯನ್ ಯಾರೆಂದು ಕ್ರೀಡಾ ಪತ್ರಕರ್ತರ ಮತದಿಂದ ಹೇಳುತ್ತಿದ್ದರು; ಗೊಂದಲದ ಮೂಲ ಆ ಮತದಾನದ ದಿನಾಂಕ. ಎಪಿ ಸುದ್ದಿಸಂಸ್ಥೆಯ ಅಂತಿಮ ಮತದಾನ ಡಿಸೆಂಬರ್‌ನಲ್ಲೇ, ಬೌಲ್ ಪಂದ್ಯಗಳಿಗೂ (ಋತುವಿನ ಕೊನೆಯ ವಿಶೇಷ ಪಂದ್ಯಗಳು) ಮೊದಲೇ ಮುಗಿಯುತ್ತಿತ್ತು. 9-0 (ಒಂಬತ್ತು ಗೆಲುವು, ಸೋಲಿಲ್ಲ) ಇದ್ದ ನಾಟರ್ ಡೇಮ್‌ಗೆ ಮೊದಲ ಸ್ಥಾನ ಸಿಕ್ಕಿತು. 1948ರ ಜನವರಿ 1ರಂದು ಮಿಶಿಗನ್ ರೋಸ್ ಬೌಲ್ ಪಂದ್ಯದಲ್ಲಿ ಯುಎಸ್‌ಸಿ (ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ) ತಂಡವನ್ನು 49-0ರಿಂದ ಮಣಿಸಿ 10-0 ಆಯಿತು. ಅದೇ ಯುಎಸ್‌ಸಿಯನ್ನು ನಾಟರ್ ಡೇಮ್ ಸೋಲಿಸಿದ್ದು 38-7ರಿಂದ. ಎಪಿ ಮತ್ತೆ ಮತ ಕೇಳಿದಾಗ ಮಿಶಿಗನ್‌ಗೆ 226, ನಾಟರ್ ಡೇಮ್‌ಗೆ 119. ಆದರೆ ಅಧಿಕೃತ ಫಲಿತಾಂಶ ಬದಲಾಗಲಿಲ್ಲ. ನನ್ನ ಮತ ಮಿಶಿಗನ್‌ಗೇ.

ಮಿಶಿಗನ್ ತಂಡದ ಬಲ ಎಲ್ಲಿತ್ತು ಎಂಬುದು ಇನ್ನೂ ಸ್ವಾರಸ್ಯ. ಹಿಂದೆಲ್ಲ ಅದೇ ಹನ್ನೊಂದು ಜನ ದಾಳಿಗೂ ರಕ್ಷಣೆಗೂ ನಿಲ್ಲುತ್ತಿದ್ದರು. ಕೊನೆಯ ಕ್ವಾರ್ಟರ್ ಹೊತ್ತಿಗೆ ಕಾಲು ಸೋಲುತ್ತಿತ್ತು. 1941ರ ನಿಯಮ ಬದಲಿ ಆಟಗಾರರನ್ನು ಧಾರಾಳವಾಗಿ ಇಳಿಸಲು ಬಿಟ್ಟಿತ್ತು. ಮಿಶಿಗನ್ ಕೋಚ್ ಫ್ರಿಟ್ಜ್ ಕ್ರೈಸ್ಲರ್ ಅದನ್ನು ಬಳಸಿ ದಾಳಿಗೆ, ರಕ್ಷಣೆಗೆ ಬೇರೆಬೇರೆ ಗುಂಪು ಕಟ್ಟಿದರು. ಅವರ ಸಿಂಗಲ್ ವಿಂಗ್ ಎಂಬ ದಾಳಿ ವ್ಯೂಹದಲ್ಲಿ ಚೆಂಡು ಕೈಯಿಂದ ಕೈಗೆ ಸುತ್ತಿ ಬರುವಾಗ ಒಂದು ಹೆಜ್ಜೆ ತಪ್ಪಿದರೂ ಫಂಬಲ್, ಅಂದರೆ ಚೆಂಡು ಕೈಜಾರುತ್ತದೆ. ದಾಳಿಯನ್ನಷ್ಟೇ ಅಭ್ಯಾಸ ಮಾಡುವವರಿಗೆ ಆ ಲಯ ಕೂಡಿಬರುತ್ತದೆ. ಋತುವಿನ ಲೆಕ್ಕ ನೋಡಿ: ಗಳಿಸಿದ್ದು 394 ಅಂಕ, ಕೊಟ್ಟದ್ದು 53. ನಿಜಕ್ಕೂ ಬಿಗಿಯಾದ ಪಂದ್ಯಗಳು ಎರಡೇ, ಮಿನೆಸೋಟ ವಿರುದ್ಧ 13-6, ಇಲಿನಾಯ್ ವಿರುದ್ಧ 14-7.