ಪುಟ್ಟ ರೈಲಿನ ಬಿಡಿಭಾಗ: ಓದುಗರ ಪ್ರಶ್ನೆ, ತುಮಕೂರಿನ ವರ್ಕ್‌ಶಾಪ್‌ನಿಂದ ಉತ್ತರ

ಪ್ರಶ್ನೆ: ಐಟಿಐ ಟರ್ನರ್ ಮುಗಿಸಿ ಪೀಣ್ಯದಲ್ಲಿ ಕೆಲಸ ಮಾಡಿದ್ದೆ. ಈಗ ಊರಿಗೆ ಬಂದು ಹಳೇ ಲೇತ್ ಒಂದನ್ನು ಕೊಂಡಿದ್ದೇನೆ. ಮಾದರಿ ರೈಲು ಎಂಜಿನ್ ಪೂರ್ತಿ ಮಾಡಿ ಮಾರುವ ಆಸೆ. ಎಲ್ಲಿಂದ ಶುರು ಮಾಡಲಿ ಮೇಡಂ?
– ತಿಪಟೂರಿನ ಓದುಗರು

ಪೂರ್ತಿ ಎಂಜಿನ್ ಈಗಲೇ ಬೇಡ. ಬಫರ್‌ನಿಂದ ಶುರು ಮಾಡಿ. ಎಂಜಿನ್ ಅಂದರೆ ಮೋಟರ್, ಗೇರ್, ಚಾಸಿ, ಬಾಡಿ, ಪೇಂಟ್ ಎಲ್ಲವೂ ಬರಬೇಕು. ಅಷ್ಟೂ ಒಬ್ಬರೇ ಮಾಡಿ ಮುಗಿಸುವ ಹೊತ್ತಿಗೆ ಕೈಲಿದ್ದ ದುಡ್ಡು ಖಾಲಿಯಾಗಿರುತ್ತದೆ.

ಬಫರ್ ಅಂದರೆ ಎಂಜಿನ್ನಿನ ತುದಿಯಲ್ಲಿ ಗುದ್ದು ತಡೆಯಲು ಇರುವ ದುಂಡು ತಲೆಯ ಭಾಗ. ಮಾದರಿಯಲ್ಲಿ ಅದು ಹಿತ್ತಾಳೆ ರಾಡ್‌ನಿಂದ ಕಡೆದು ತೆಗೆಯುವ ಚಿಕ್ಕ ತುಂಡು. ಬ್ರಾಡ್‌ಗೇಜ್ ಎಂಜಿನ್‌ಗೆ ಮುಂದೆ ಎರಡು, ಹಿಂದೆ ಎರಡು ಬೇಕು. ಅಕ್ಕಪಕ್ಕವೇ ಕೂರುವುದರಿಂದ ಒಂದು ಚೂರು ದಪ್ಪವಾದರೂ ಕೊಂಡವರ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬೇಕಿರುವುದು ಒಂದು ಚೆಂದದ ಪೀಸ್ ಅಲ್ಲ. ಮೊದಲನೆಯದೂ ನೂರನೆಯದೂ ಒಂದೇ ಥರ ಇರಬೇಕು. ಗಿರಾಕಿ ಎರಡನೇ ಸಲ ಬರುವುದು ಅದಕ್ಕೇ.

ಗುಜರಿ ಹಿತ್ತಾಳೆ ತರಬೇಡಿ. ಅಂಗಡಿಯಲ್ಲಿ ಫ್ರೀ ಕಟಿಂಗ್ ಬ್ರಾಸ್, ಐಎಸ್ 319 ಅಂತಲೇ ಕೇಳಿ. ಅದರಲ್ಲಿ ಸ್ವಲ್ಪ ಸೀಸ ಇರುತ್ತದೆ. ಹಾಗಾಗಿ ಕಡೆಯುವಾಗ ಉದ್ದಕ್ಕೆ ಸುತ್ತಿಕೊಳ್ಳದೆ ಪುಡಿಪುಡಿಯಾಗಿ ಉದುರುತ್ತದೆ, ಮೈ ನುಣ್ಣಗೆ ಬರುತ್ತದೆ. ಸೀಸ ಇರುವುದರಿಂದಲೇ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಸಣ್ಣ ರಾಡ್ ಹಿಡಿಯಲು ಒಳ್ಳೇ ಕಾಲೆಟ್ (ರಾಡನ್ನು ಸುತ್ತಲೂ ಸಮನಾಗಿ ಹಿಡಿಯುವ ಸೀಳು ಕೊಳವೆ) ಕೊಳ್ಳಿ. ಸವೆದ ತ್ರೀ-ಜಾ ಚಕ್‌ನಲ್ಲಿ (ಮೂರು ದವಡೆಯ ಹಿಡಿಯಲ್ಲಿ) ಎಷ್ಟೇ ಹುಷಾರಾಗಿ ಕಡೆದರೂ ಓಲಾಟ ಹೋಗುವುದಿಲ್ಲ.

ಇನ್ನೊಂದು ಮಾತು. ನಮ್ಮಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ವಾಚಿನ ಸ್ಕ್ರೂ ಕಡೆಯುತ್ತಿದ್ದವರು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಆದರೆ ಆ ಕೆಲಸ ಬಲ್ಲವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅಂಥ ಹಿರಿಯರು ಸಿಕ್ಕರೆ ಬಿಡಬೇಡಿ, ಹೋಗಿ ಪಕ್ಕದಲ್ಲಿ ಕೂರಿ. ಅವರು ಟೂಲ್ ಮಸೆಯುವುದನ್ನು ನೋಡಿ ಕಲಿಯುವಷ್ಟು ಯಾವ ವಿಡಿಯೊದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಒಬ್ಬ ಗಿರಾಕಿ ಎಚ್‌ಓ ಚಕ್ರ ಕೇಳುತ್ತಾರೆ, ಇನ್ನೊಬ್ಬರು ಓಓ ಚಕ್ರ. ಎರಡರ ಹಳಿ ಅಗಲವೂ 16.5 ಮಿ.ಮೀ. ಹಾಗಾದರೆ ಎರಡೂ ಒಂದೇ ಅಲ್ವಾ?
– ಕುಣಿಗಲ್‌ನ ಓದುಗರು

ಹಳಿ ಒಂದೇ, ಚಕ್ರ ಬೇರೆ. ಎಚ್‌ಓ ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಓಓ ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಬ್ರಿಟನ್ನಿನ ಎಂಜಿನ್‌ಗಳು ಸಣ್ಣವು. ಆ ಕಾಲದ ಮೋಟರ್ ಅವುಗಳ ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಬಾಡಿಯನ್ನು ದೊಡ್ಡದು ಮಾಡಿ, ಹಳಿಯನ್ನು ಹಾಗೇ ಉಳಿಸಿಕೊಂಡರು. ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಹೊಸ ಚಕ್ರದ ವ್ಯಾಸ 1092 ಮಿ.ಮೀ. ಎಚ್‌ಓದಲ್ಲಿ ಅದು ಸುಮಾರು 12.5 ಮಿ.ಮೀ. ಆಗುತ್ತದೆ, ಓಓದಲ್ಲಿ 14.3. ಆದ್ದರಿಂದ ಆರ್ಡರ್ ತೆಗೆದುಕೊಳ್ಳುವಾಗ ಸ್ಕೇಲ್ (ಅಸಲಿನ ಎಷ್ಟನೇ ಪಾಲು) ಬೇರೆ, ಗೇಜ್ (ಹಳಿ ಅಗಲ) ಬೇರೆ ಕೇಳಿ. ಫೋನಿನಲ್ಲಿ ಹೇಳಿದ ಅಳತೆಯನ್ನು ನಾನು ಒಪ್ಪುವುದೇ ಇಲ್ಲ, ಡ್ರಾಯಿಂಗ್ ಬರಲೇಬೇಕು.

ಚಕ್ರ ಕಡೆದರೆ ಅರ್ಧ ಕೆಲಸ ಆಯಿತು, ಅಷ್ಟೆ. ಆ್ಯಕ್ಸಲ್‌ಗೆ ಕೂರಿಸುವುದು ಇನ್ನರ್ಧ. ಎರಡು ಚಕ್ರಗಳ ಒಳಮೈ ನಡುವಿನ ದೂರ 14.4 ಮಿ.ಮೀ. ಆಸುಪಾಸು ಇರಬೇಕು. ಅದಕ್ಕೆ ಸರಿಯಾಗಿ ಒಂದು ಉಕ್ಕಿನ ಬ್ಲಾಕ್ ಮಾಡಿಟ್ಟುಕೊಳ್ಳಿ. ಪ್ರತಿ ಜೋಡಿಯ ನಡುವೆಯೂ ಅದನ್ನು ತೂರಿಸಿ ನೋಡಿ. ಬಿಗಿಯಾದರೆ ಚಕ್ರ ಹಳಿ ಕೂಡುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಗಾಜಿನ ಹಲಗೆ ಮೇಲೆ ಮೆಲ್ಲಗೆ ಉರುಳಿಸಿ. ಪಕ್ಕದಿಂದ ಅಲ್ಲ, ಎದುರಿನಿಂದ ನೋಡಿ. ಚಕ್ರದ ಅಂಚು ಎಡಕ್ಕೂ ಬಲಕ್ಕೂ ತೂಗಿದರೆ ಆ ಜೋಡಿ ಬೇಡ.

ಎರಡು ಹಳಿಯಲ್ಲಿ ಕರೆಂಟ್ ಹರಿಯುವ 12 ವೋಲ್ಟ್ ರೈಲಿಗಾದರೆ ಒಂದು ಚಕ್ರಕ್ಕಾದರೂ ಪ್ಲಾಸ್ಟಿಕ್ ಬುಷ್ (ಚಕ್ರಕ್ಕೂ ಆ್ಯಕ್ಸಲ್‌ಗೂ ನಡುವೆ ಕೂರುವ ಬಳೆ) ಹಾಕಲೇಬೇಕು. ಇಲ್ಲದಿದ್ದರೆ ಆ್ಯಕ್ಸಲ್ ಮೂಲಕ ಶಾರ್ಟ್ ಆಗುತ್ತದೆ. ಪ್ಯಾಕ್ ಮಾಡುವ ಮುಂಚೆ ಎರಡೂ ಚಕ್ರಕ್ಕೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಅಂದರೆ ಆ ಜೋಡಿ ವಾಪಸ್ ಬೆಂಚಿಗೆ.

ಪ್ರಶ್ನೆ: ನಮ್ಮ ತಾತ ನ್ಯಾರೋಗೇಜ್ ರೈಲಿನಲ್ಲಿ ಓಡಾಡಿದವರು. ಆ ರೈಲಿನ ಮಾದರಿಗೆ ಭಾಗ ಮಾಡಿದರೆ ಯಾರಾದರೂ ಕೊಳ್ಳುತ್ತಾರಾ?
– ಚಿಕ್ಕಬಳ್ಳಾಪುರದ ಓದುಗರು

ಮಾಡಿ, ದಯವಿಟ್ಟು ಮಾಡಿ! ಲೆಕ್ಕವೂ ನಿಮ್ಮ ಕಡೆಗೇ ಇದೆ. ಬ್ರಾಡ್‌ಗೇಜ್ 1676 ಮಿ.ಮೀ. ಎಚ್‌ಓದಲ್ಲಿ ಅದು 19 ಮಿ.ಮೀ. ದಾಟುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ 16.5. ಹಾಗಾಗಿ ನಮ್ಮ ಬ್ರಾಡ್‌ಗೇಜ್ ಮಾದರಿಗಳ ಕಾಲು ಯಾವಾಗಲೂ ಕೂಡಿಕೊಂಡ ಹಾಗೆ ಕಾಣುತ್ತದೆ. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆ ಸುತ್ತಿ ಬರುತ್ತಿದ್ದ ನಿಮ್ಮ ರೈಲಿನ ಹಳಿ 762 ಮಿ.ಮೀ., ಅಂದರೆ ಎರಡೂವರೆ ಅಡಿ. 87ರಿಂದ ಭಾಗಿಸಿ, 8.76 ಬರುತ್ತದೆ. 9 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ. ಎಚ್‌ಓಗಿಂತ ಪುಟ್ಟದಾದ ಎನ್ ಸ್ಕೇಲ್‌ನ ಹಳಿಯೂ ಅಷ್ಟೇ ಅಗಲ. ಆದ್ದರಿಂದ ಎನ್ ಸ್ಕೇಲ್‌ನ ಮೋಟರ್ ಚಾಸಿಯನ್ನೇ ಅಡಿಯಲ್ಲಿ ಇಟ್ಟು, ಮೇಲಿನ ಭಾಗಗಳನ್ನಷ್ಟೇ ನೀವು ಮಾಡಬಹುದು. ಹೊಗೆ ಕೊಳವೆ, ಗುಮ್ಮಟ, ದೀಪ, ಕೈಹಿಡಿಯ ಗುಬ್ಬಿಗಳು, ಎಲ್ಲವೂ ಲೇತ್‌ನಲ್ಲಿ ಬರುವಂಥವು.

ಕೋಲಾರ–ಚಿಕ್ಕಬಳ್ಳಾಪುರ ಹಳಿ 2013ರಲ್ಲಿ ಬ್ರಾಡ್‌ಗೇಜ್ ಆಗಿ ಶುರುವಾಯಿತು. ಹಳೇ ರೈಲು ನೋಡಿದವರು ಇನ್ನೂ ಇರುವಾಗಲೇ ಮನೆಗಳಲ್ಲಿರುವ ಫೋಟೊ ಕೇಳಿ ಪಡೆಯಿರಿ. ಹಳೇ ಎಂಜಿನ್‌ಗಳನ್ನು ಹತ್ತಿರದಿಂದ ನೋಡಲು ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ, ಅದು 1979ರಿಂದ ಇದೆ. ಫೋಟೊ ತೆಗೆಯುವಾಗ ಭಾಗದ ಪಕ್ಕ ಒಂದು ಅಳತೆಪಟ್ಟಿ ಹಿಡಿದುಕೊಂಡರೆ ಮನೆಗೆ ಬಂದಮೇಲೂ ಅಳೆಯಬಹುದು. ಗಿರಾಕಿ ಕಡಿಮೆ ಇರಬಹುದು, ಆದರೆ ಹುಡುಕಿಕೊಂಡು ಬರುವ ಗಿರಾಕಿ.

ಪ್ರಶ್ನೆ: ಸಣ್ಣ ಶೆಡ್‌ಗೂ ಜಿಎಸ್‌ಟಿ ಬೇಕಾ? ಹೊರದೇಶಕ್ಕೆ ಕಳಿಸಲು ಏನು ಮಾಡಬೇಕು?
– ಶಿರಾದ ಓದುಗರು

ಮೊದಲು ಸಣ್ಣ ಉದ್ದಿಮೆಗಳಿಗಿರುವ ಕೇಂದ್ರದ ಉದ್ಯಮ್ ನೋಂದಣಿ ಮಾಡಿಸಿ. ಅದು ಪೂರ್ತಿ ಉಚಿತ. ದುಡ್ಡು ಕೇಳುವ ಏಜೆಂಟರ ಹತ್ತಿರ ಸುಮ್ನೆ ಹೋಗಬೇಡಿ. ವಸ್ತು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಈ ರಿಯಾಯಿತಿ ರಾಜ್ಯದೊಳಗೆ ಮಾರುವವರಿಗೆ. ನಮ್ಮ ಗಿರಾಕಿಗಳು ಜಾಸ್ತಿ ಇರುವುದು ಹೊರಗೆ. ಬೇರೆ ರಾಜ್ಯಕ್ಕೋ ದೇಶಕ್ಕೋ ಮಾಲು ಮಾರಿದರೆ ವಹಿವಾಟು ಎಷ್ಟೇ ಇರಲಿ, ಜಿಎಸ್‌ಟಿ ಬೇಕು. ರಫ್ತಿಗೆ ಐಇಸಿ (ಆಮದು-ರಫ್ತು ಕೋಡ್) ನಂಬರ್ ಮಾಡಿಸಿ, ಶುಲ್ಕ 500 ರೂಪಾಯಿ. ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಕೊಟ್ಟರೆ ತೆರಿಗೆ ಮೊದಲೇ ಕಟ್ಟದೆ ಕಳಿಸಬಹುದು. ಸಾಲ, ಸಬ್ಸಿಡಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಬಗ್ಗೆ ಕೇಳಿ.

ಒಂದು ಎಚ್ಚರಿಕೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ನಾವು ಮಾಡುವುದು ದೊಡ್ಡವರ ಹವ್ಯಾಸದ ಬಿಡಿಭಾಗ. ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಅದನ್ನು ಸ್ಪಷ್ಟವಾಗಿ ಬರೆಯಿರಿ, ಆಟಿಕೆ ಅಂಗಡಿಗೆ ಕೊಡಬೇಡಿ.

ಪ್ರಶ್ನೆ: ಹಿತ್ತಾಳೆ ಚೂರು ಚುಚ್ಚುತ್ತದೆ. ಗ್ಲೌಸ್ ಹಾಕಿಕೊಂಡು ಲೇತ್ ಓಡಿಸಬಹುದಾ?
– ಗುಬ್ಬಿಯ ಓದುಗರು

ಬೇಡವೇ ಬೇಡ. ತಿರುಗುವ ಚಕ್ ಗ್ಲೌಸನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕನ್ನಡಕ ಹಾಕಿ, ತೋಳು ಮಡಚಿ, ದುಪಟ್ಟಾ ಇದ್ದರೆ ತೆಗೆದಿಡಿ. ಚೂರು ತೆಗೆಯಲು ಮೆಷಿನ್ ನಿಲ್ಲಿಸಿ ಬ್ರಷ್ ಬಳಸಿ.