ಗಾರೆ ಮೆತ್ತುವ ಮುನ್ನ ಸ್ವಿಚ್ ಬಾಕ್ಸ್ ನೋಡಿಕೊಳ್ಳಿ

ಪ್ರಶ್ನೆ: ತುಮಕೂರಿನ ಹೊರವಲಯದ 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಗೋಡೆ ಎದ್ದಿದೆ, ಪ್ಲಾಸ್ಟರಿಂಗ್ ಬಾಕಿ ಇದೆ. ಎಲೆಕ್ಟ್ರಿಷಿಯನ್ ತಗಡಿನ ಬಾಕ್ಸ್ ಬೇಕು ಎನ್ನುತ್ತಾರೆ, ಅಂಗಡಿಯವರು ಪಿವಿಸಿಯದೇ ಸಾಕು ಎನ್ನುತ್ತಾರೆ. ವೈರುಗಳನ್ನು ಜೋಡಿಸುವ ಜಂಕ್ಷನ್ ಬಾಕ್ಸ್‌ಗಳು ಕಾಣದಂತೆ ಅವುಗಳ ಮೇಲೂ ಗಾರೆ ಮೆತ್ತಿಸಬೇಕೆಂದು ಮನೆಯವರ ಆಸೆ. ಏನು ಮಾಡಲಿ?

ಉತ್ತರ: ತಗಡೋ ಪಿವಿಸಿಯೋ ಎಂಬುದನ್ನು ಆಮೇಲೆ ನೋಡೋಣ. ಮೊದಲು ಪ್ರತಿ ಬಾಕ್ಸಿನಲ್ಲಿ ಏನೇನು ಕೂರಬೇಕೆಂದು ಕಾಗದದ ಮೇಲೆ ಎಣಿಸಿ. ಹಾಲ್‌ನ ಒಂದು ಬೋರ್ಡನ್ನೇ ತೆಗೆದುಕೊಳ್ಳಿ: ಫ್ಯಾನ್ ರೆಗ್ಯುಲೇಟರಿಗೆ 2 ಮಾಡ್ಯೂಲ್ (ಒಂದು ಸ್ವಿಚ್ ಹಿಡಿಯುವಷ್ಟು ಜಾಗ ಒಂದು ಮಾಡ್ಯೂಲ್), 4 ಸ್ವಿಚ್‌ಗೆ 4, ಸಾಕೆಟ್‌ಗೆ 2, ಅದರ ಸ್ವಿಚ್‌ಗೆ 1. ಒಟ್ಟು 9 ಆಯಿತು. ಅಂಗಡಿಯಲ್ಲಿ ಸಾಮಾನ್ಯವಾಗಿ 8ರ ನಂತರ ಸಿಗುವುದು 12ರದು. ಹಣ ಉಳಿಸಲು 8ಕ್ಕೆ ಇಳಿದು ಒಂದು ಸ್ವಿಚ್ ಕೈಬಿಡುವವರನ್ನು ಬಹಳ ಕಂಡಿದ್ದೇನೆ. ವರ್ಷ ತುಂಬುವುದರೊಳಗೆ ಅದೇ ಬೋರ್ಡಿನಿಂದ ಎಕ್ಸ್‌ಟೆನ್ಷನ್ ವೈರು ನೇತಾಡುತ್ತಿರುತ್ತದೆ. 12ರದನ್ನೇ ಹಾಕಿಸಿ, ಉಳಿದ ಜಾಗಕ್ಕೆ ಖಾಲಿ ಮುಚ್ಚಳ ಕೂರಿಸಿ.

ಆಳವೂ ಅಷ್ಟೇ ಮುಖ್ಯ. ಗೀಸರ್, ಎಸಿಗಳಿಗೆ ಎಳೆಯುವ 4 ಚದರ ಮಿ.ಮೀ. ವೈರು ಸುಲಭಕ್ಕೆ ಬಾಗುವುದಿಲ್ಲ. ತೆಳು ಬಾಕ್ಸಿನಲ್ಲಿ ಅದನ್ನು ಸಾಕೆಟ್ಟಿನ ಹಿಂದೆ ಒತ್ತಿ ತುರುಕಿದರೆ ವೈರು ಬಿಗಿದ ಟರ್ಮಿನಲ್ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯೇರುತ್ತದೆ. 50 ಮಿ.ಮೀ. ಆಳದ್ದು ಸಿಕ್ಕರೆ ಬಿಡಬೇಡಿ. ಆದರೆ ನಾಲ್ಕಂಗುಲದ ಒಳಗೋಡೆಯಲ್ಲಿ ಎರಡು ಕೋಣೆಗಳ ಬಾಕ್ಸ್‌ಗಳನ್ನು ಬೆನ್ನಿಗೆ ಬೆನ್ನು ಹಾಕಿಸಬೇಡಿ. ಅಲ್ಲಿ ಗೋಡೆಯೇ ಉಳಿಯುವುದಿಲ್ಲ, ಆಚೆ ಕೋಣೆಯ ಮಾತೆಲ್ಲ ಈಚೆಗೆ ಕೇಳಿಸುತ್ತದೆ. ಒಂದಡಿಯಾದರೂ ಪಕ್ಕಕ್ಕೆ ಸರಿಸಿ.

ಇನ್ನು ತಗಡಿನ ಮಾತು. ಬಯಲುಸೀಮೆಯ ಒಣ ಹವೆಗೆ ಸತುವಿನ ಲೇಪವಿರುವ ತಗಡಿನ ಬಾಕ್ಸ್ ಚೆನ್ನಾಗಿಯೇ ಬಾಳುತ್ತದೆ. ಮೇಸ್ತ್ರಿಯ ಕರಣೆಯ ಪೆಟ್ಟಿಗೂ ಜಗ್ಗುವುದಿಲ್ಲ. ಅಂಗಡಿಯಲ್ಲೇ ಹೆಬ್ಬೆರಳಿನಿಂದ ಅದರ ಬದಿಯನ್ನು ಒತ್ತಿ ನೋಡಿ, ಬಾಗಿದರೆ ವಾಪಸು ಇಡಿ. ಒಂದು ಕಂಪನಿಯ ಸ್ವಿಚ್ ಪ್ಲೇಟು ಇನ್ನೊಂದರ ಬಾಕ್ಸಿಗೆ ಕೂರದಿರುವುದೂ ಉಂಟು, ಆದ್ದರಿಂದ ಪ್ಲೇಟನ್ನು ಜೊತೆಗೆ ಒಯ್ಯಿರಿ. ತಗಡಿನದನ್ನು ಹಾಕಿಸಿದರೆ ಒಂದು ಷರತ್ತನ್ನು ಮಾತ್ರ ಸಡಿಲಿಸುವಂತಿಲ್ಲ: ಹಸಿರು ಅರ್ತಿಂಗ್ ವೈರಿನ ಒಂದು ತುಂಡು ಬಾಕ್ಸಿನ ತಿರುಪಿಗೂ ಬಿಗಿದಿರಬೇಕು. ವೈರು ಹಾಯುವ ಪೈಪು ಪಿವಿಸಿಯದಾದ್ದರಿಂದ ಬಾಕ್ಸಿಗೆ ಬೇರೆ ದಾರಿಯಲ್ಲಿ ಅರ್ತಿಂಗ್ ಸಿಗುವುದಿಲ್ಲ.

ಪ್ಲಾಸ್ಟರಿಂಗ್ ದಿನ ನೀವೇ ಸ್ಥಳದಲ್ಲಿರಿ. ಬಾಕ್ಸಿನ ಬಾಯಿ ಇಟ್ಟಿಗೆಯ ಮಟ್ಟಕ್ಕಲ್ಲ, ಗಾರೆ ಮುಗಿದ ಮೇಲಿನ ಮಟ್ಟಕ್ಕೆ ಬರಬೇಕು. ಅಂದರೆ ಈಗಲೇ 12ರಿಂದ 15 ಮಿ.ಮೀ. ಮುಂದೆ ಚಾಚಿಕೊಂಡಿರಬೇಕು. ಒಳಗೆ ಹೂತರೆ ಪ್ಲೇಟಿನ ತಿರುಪು ಎಟುಕುವುದಿಲ್ಲ. ಪ್ರತಿಯೊಂದಕ್ಕೂ ರಸಮಟ್ಟ ಹಿಡಿಸಿ, ಒಳಗೆ ಥರ್ಮಾಕೋಲ್ ತುಂಬಿಸಿ, ತಿರುಪಿನ ತೂತುಗಳಿಗೆ ಟೇಪ್ ಅಂಟಿಸಿ. ಸಿಮೆಂಟ್ ಹೊಕ್ಕ ತೂತನ್ನು ಬಿಡಿಸುವಷ್ಟು ತಾಳ್ಮೆ ನನಗಂತೂ ಇಲ್ಲ.

ಜಂಕ್ಷನ್ ಬಾಕ್ಸನ್ನು ಮುಚ್ಚಿಸಬೇಡಿ. ಮುಂದೊಂದು ದಿನ ವೈರು ಬದಲಿಸುವಾಗ ಅಥವಾ ಜೋಡಣೆ ಸುಟ್ಟಾಗ ಗೋಡೆಯಲ್ಲಿ ಅದೆಲ್ಲಿದೆ ಎಂದು ಸುತ್ತಿಗೆ ಹಿಡಿದು ಹುಡುಕಬೇಕಾಗುತ್ತದೆ. ಮುಚ್ಚಳಕ್ಕೆ ಗೋಡೆಯದೇ ಬಣ್ಣ ಹೊಡೆಸಿ, ಮನೆಯವರು ಒಪ್ಪಬಹುದು.

ಪ್ರಶ್ನೆ: ಕುಂದಾಪುರದಲ್ಲಿ ನಮ್ಮದು ಹಳೆಯ ಮನೆ. ಮಳೆಗಾಲದಲ್ಲಿ ಒಂದು ಸ್ವಿಚ್ ಬೋರ್ಡಿನ ತಿರುಪು ಮುಟ್ಟಿದರೆ ಜುಮ್ಮೆನ್ನುತ್ತದೆ. ಕರೆಂಟು ಸೋರಿದರೆ ತಾನೇ ಆಫ್ ಆಗಬೇಕಾದ ಆರ್‌ಸಿಸಿಬಿ ಇದ್ದರೂ ಬೀಳುವುದಿಲ್ಲ, ಏಕೆ?

ಉತ್ತರ: ಆ ಬೋರ್ಡಿನ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚನ್ನು ಈಗಲೇ ಇಳಿಸಿ, ಯಾವುದೆಂದು ತಿಳಿಯದಿದ್ದರೆ ಮೈನ್ ಆಫ್ ಮಾಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಮುಟ್ಟಬೇಡಿ. ಬಹುಶಃ ಪ್ಲೇಟಿನ ಉದ್ದದ ತಿರುಪು ಯಾವುದೋ ವೈರಿನ ಹೊದಿಕೆಯನ್ನು ಕೊರೆದಿದೆ, ಅಥವಾ ತೇವ ಒಳಗಿಳಿದಿದೆ. ತಗಡಿನ ಬಾಕ್ಸಿಗೆ ಅರ್ತಿಂಗ್ ಸರಿಯಾಗಿದ್ದರೆ ಸೋರುವ ಕರೆಂಟು ಅದರಲ್ಲೇ ಹರಿದು, ಸೋರಿಕೆ ಹೆಚ್ಚಿದೊಡನೆ ಆರ್‌ಸಿಸಿಬಿಯನ್ನು ಬೀಳಿಸುತ್ತದೆ. ಅರ್ತಿಂಗ್ ಇಲ್ಲದಲ್ಲಿ ಅದಕ್ಕೆ ದಾರಿ ನಿಮ್ಮ ಕೈ. ಜುಮ್ಮೆನಿಸುವಷ್ಟು ಕರೆಂಟು, ಆರ್‌ಸಿಸಿಬಿ ಬೀಳುವ ಸಾಮಾನ್ಯ ಮಿತಿಯಾದ 30 ಮಿಲಿಆಂಪಿಯರ್‌ಗಿಂತ ಬಹಳ ಕಡಿಮೆ, ಹಾಗಾಗಿ ಯಂತ್ರ ಸುಮ್ಮನಿದೆ. ಅದರ ಟೆಸ್ಟ್ ಗುಂಡಿಯನ್ನೂ ಒತ್ತಿಸಿ ನೋಡಿ. ಕಡಲಿನ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿದಿರುತ್ತದೆ. ಬದಲಿಸುವಾಗ ಒಳ್ಳೆಯ ಪಿವಿಸಿ ಬಾಕ್ಸ್ ಹಾಕಿಸಿ, ಸಾಕೆಟ್ಟಿಗೆ ಅರ್ತಿಂಗ್ ಆಗಲೂ ಬೇಕು.

ಪ್ರಶ್ನೆ: ಮುಂದಿನ ವಾರ ತಾರಸಿ ಹಾಕಿಸುತ್ತಿದ್ದೇವೆ. ಫ್ಯಾನ್ ಬಾಕ್ಸ್ ಆಮೇಲೆ ಕೂರಿಸಬಹುದೇ?

ಉತ್ತರ: ಬೇಡ. ಸೆಂಟ್ರಿಂಗ್ ಹಲಗೆಯ ಮೇಲೆ ಈಗಲೇ ಕೂರಿಸಿ, ಕೊಕ್ಕೆಯ ಸರಳನ್ನು ತಾರಸಿಯ ಕಂಬಿಗೆ ಕಟ್ಟಿಸಿ. ಕಾಂಕ್ರೀಟ್ ಸುರಿಯುವಾಗ ಪೈಪು ಬಾಕ್ಸಿನಿಂದ ಕಳಚದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ.