ಸುರಂಗದ ನೊರೆಮಣ್ಣು ಸೈಟಿಗೆ ಆದೀತೇ?

ಪ್ರಶ್ನೆ: ನಮ್ಮ ಸೈಟು ರಸ್ತೆಗಿಂತ ನಾಲ್ಕಡಿ ತಗ್ಗಿದೆ. ಮೆಟ್ರೊ ಸುರಂಗದ ಮಣ್ಣು ಅಗ್ಗವಾಗಿ ಹಾಕಿಸಿಕೊಡುತ್ತೇವೆ ಎನ್ನುತ್ತಾರೆ ಲಾರಿಯವರು. ಅದಕ್ಕೆ ರಾಸಾಯನಿಕ ಬೆರೆಸಿರುತ್ತಾರಂತೆ. ಪಕ್ಕದಲ್ಲೇ ಬಾವಿಯಿದೆ. ಹಾಕಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಹಾಕಿಸಬಹುದು, ಆದರೆ ಸುರಂಗದಿಂದ ಬಂದ ಹಸಿಮಣ್ಣನ್ನು ನೇರವಾಗಿ ಅಲ್ಲ. ಮೊದಲು ಯಾವ ಬಗೆಯ ಸುರಂಗ ಕೊರೆಯುವ ಯಂತ್ರದ ಮಣ್ಣೆಂದು ಕೇಳಿ. ಕೆಸರುನೀರಿನ ಒತ್ತಡದಿಂದ ಸುರಂಗದ ಮುಖವನ್ನು ತಡೆಹಿಡಿಯುವ ಸ್ಲರಿ ಯಂತ್ರದ್ದಾದರೆ ಬೆಂಟೊನೈಟ್ ಎಂಬ, ನೀರು ಹೀರಿ ಉಬ್ಬುವ ಜೇಡಿ ಸೇರಿರುತ್ತದೆ. ಅಗೆದ ಮಣ್ಣಿನ ಒತ್ತಡದಿಂದಲೇ ಮುಖವನ್ನು ತಡೆಹಿಡಿಯುವ ಇಪಿಬಿ ಯಂತ್ರದ್ದಾದರೆ, ಮಣ್ಣು ಮೆದುವಾಗಲೆಂದು ಬಿಟ್ಟ ನೊರೆ. ಅದರ ಮೂಲ ಸಾಮಾನ್ಯವಾಗಿ ಶಾಂಪೂವಿನಲ್ಲೂ ಇರುವ ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್. ಜೊತೆಗೆ ಪಾಲಿಮರ್ ಬಳಸಿದ್ದಾರೆಯೇ ಎಂಬುದು ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ ನೋಡಿದರೆ ತಿಳಿಯುತ್ತದೆ. ಕೆಲವು ಪಾಲಿಮರ್ ಬಹಳ ನಿಧಾನವಾಗಿ ಕೊಳೆಯುತ್ತವೆ.

ಪ್ರಮಾಣ ಎಷ್ಟಿರುತ್ತದೆ? ಒಂದು ಘನ ಮೀಟರ್ ನೆಲಕ್ಕೆ 400 ಲೀಟರ್ ನೊರೆ ಬಿಟ್ಟರೆಂದುಕೊಳ್ಳಿ. ನೊರೆ ಹತ್ತು ಪಟ್ಟು ಉಬ್ಬಿದ್ದಾದರೆ ಒಳಗಿನ ದ್ರಾವಣ 40 ಲೀಟರ್. ಶೇ 2ರ ದ್ರಾವಣದಲ್ಲಿ ಮೂಲ ರಾಸಾಯನಿಕ 800 ಮಿಲಿಲೀಟರ್. ಕಡಿಮೆಯೇ, ಆದರೂ ಮಳೆನೀರಲ್ಲಿ ತೊಳೆದು ಕೆರೆ ಸೇರಿದರೆ ಮೀನಿನ ಕಿವಿರಿಗೆ ಹಾನಿ.

ಈ ನೊರೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ, ಗಾಳಿಯಾಡಿದರೆ ಮಾತ್ರ. 28 ದಿನದಲ್ಲಿ ಕೊಳೆಯುತ್ತದೆ ಎಂದು ನೊರೆ ರಾಸಾಯನಿಕದ ಮಾರಾಟಗಾರರು ತೋರಿಸುವ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ನೀರಿನಲ್ಲಿ. ಎತ್ತರದ ಗುಡ್ಡೆಯ ಒಳಮಣ್ಣಿಗೆ ಆ ಲೆಕ್ಕ ಹೊಂದದು. ಆದ್ದರಿಂದ ದಪ್ಪ ಪ್ಲಾಸ್ಟಿಕ್ ಹಾಸಿ, ಸುತ್ತ ಬದು ಕಟ್ಟಿ, ಮಣ್ಣನ್ನು ಅರ್ಧ ಮೀಟರ್ ದಪ್ಪಕ್ಕೆ ಹರವಿಸಿ. ವಾರಕ್ಕೊಮ್ಮೆ ಜೆಸಿಬಿಯಿಂದ ಮಗುಚಿಸಿ. ಕನಿಷ್ಠ ನಾಲ್ಕು ವಾರ ಬಿಡಿ. ಮಳೆ ಬಂದರೆ ಟಾರ್ಪಾಲು ಹೊದಿಸಿ, ಬಸಿದ ನೀರನ್ನು ಚರಂಡಿಗೆ ಬಿಡಬೇಡಿ.

ಬೇಗ ಒಣಗಲೆಂದು ಶೇ 1ರಿಂದ 3ರಷ್ಟು ಸುಟ್ಟ ಸುಣ್ಣ ಬೆರೆಸುವುದುಂಟು. ಹೆಚ್ಚು ಕೆಡುವುದು ಇಲ್ಲೇ. ಮೊದಲೇ ಸುಣ್ಣ ಹಾಕಿದರೆ ಪಿಎಚ್ 12ರ ಹತ್ತಿರ ಏರಿ ಬ್ಯಾಕ್ಟೀರಿಯಾ ಸುಸ್ತಾಗುತ್ತವೆ, ನೊರೆಯ ಅಂಶ ಹಾಗೇ ಉಳಿಯುತ್ತದೆ. ನೊರೆ ಇಳಿದದ್ದು ಖಚಿತವಾದ ಮೇಲೆ ಬೇಕಿದ್ದರೆ ಸುಣ್ಣ.

ಖಚಿತಪಡಿಸಿಕೊಳ್ಳಲು ಒಂದು ಪಾಲು ಮಣ್ಣಿಗೆ ಹತ್ತು ಪಾಲು ನೀರು ಹಾಕಿ ಬಾಟಲಿಯಲ್ಲಿ ಜೋರಾಗಿ ಅಲುಗಿಸಿ. ನೊರೆ ಎದ್ದು ಹಾಗೇ ಉಳಿದರೆ ಇನ್ನೂ ಕಾಯಿರಿ. ನೊರೆ ಬರಲಿಲ್ಲವೆಂದು ನಂಬಿ ಕೂರಬೇಡಿ. 24 ಗಂಟೆ ನೆನೆಸಿ ಬಸಿದ ನೀರನ್ನು ಲ್ಯಾಬಿಗೆ ಕೊಟ್ಟು ಎಂಬಿಎಎಸ್ (ನೀರಿನಲ್ಲಿರುವ ಮಾರ್ಜಕದ ಅಳತೆ) ಮತ್ತು ಪಿಎಚ್ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಎಂಬಿಎಎಸ್ ಮಿತಿ ಲೀಟರಿಗೆ 0.2 ಮಿಲಿಗ್ರಾಂ. ಬಾವಿ ಪಕ್ಕದಲ್ಲಿರುವಾಗ ಅದನ್ನೇ ಅಳತೆಗೋಲು ಮಾಡಿಕೊಳ್ಳಿ.

ತುಂಬುವಾಗ 20–25 ಸೆಂ.ಮೀ. ಪದರ, ಪ್ರತಿ ಪದರಕ್ಕೂ ರೋಲರ್, ಪ್ರಾಕ್ಟರ್ ಸಾಂದ್ರತೆಯ (ಲ್ಯಾಬಿನಲ್ಲಿ ಅದೇ ಮಣ್ಣನ್ನು ಬಡಿದು ಕಂಡುಕೊಂಡ ಗರಿಷ್ಠ ಸಾಂದ್ರತೆ) ಶೇ 95. ನೊರೆಯ ಗುಳ್ಳೆ ಆರದ ಮಣ್ಣಿನಲ್ಲಿ ಮಾಡಿದ ಪ್ರಾಕ್ಟರ್ ಪರೀಕ್ಷೆ ತಪ್ಪು ಅಂಕಿ ಕೊಡುತ್ತದೆ, ಆಮೇಲೆ ನೆಲ ಕುಸಿಯುತ್ತದೆ. ಮನೆಯ ಪಾಯ ಈ ತುಂಬುಮಣ್ಣಿನ ಮೇಲೆ ಕೂರಬಾರದು, ಕೆಳಗಿನ ಗಟ್ಟಿ ನೆಲಕ್ಕೆ ಇಳಿಯಬೇಕು.

ಪ್ರಶ್ನೆ: ಇದೇ ಮಣ್ಣು ಹೂದೋಟಕ್ಕೆ?

ಉತ್ತರ: ಆಳದ ಮಣ್ಣಿನಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ತೀರಾ ಕಡಿಮೆ. ಪರೀಕ್ಷೆ ಪಾಸಾದ ನೊರೆಮಣ್ಣನ್ನು ಅಡಿಪದರಕ್ಕೆ ಬಳಸಿ, ಮೇಲೆ ಎರಡಡಿ ಒಳ್ಳೆಯ ಮೇಲ್ಮಣ್ಣು ಹಾಕಿ. ಸುಣ್ಣ ಬೆರೆತದ್ದು ಬೇಡ. ಬೆಂಟೊನೈಟ್ ಸೇರಿದ್ದಂತೂ ಬೇಡವೇ ಬೇಡ, ನೀರು ಇಂಗದೆ ಬೇರು ಕೊಳೆಯುತ್ತದೆ.